ವಕೀಲರು, ಮಾಸ್ತರರು ಮತ್ತು ನಮ್ಮ ಇತಿಹಾಸ

ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ವಿಶ್ವವಿದ್ಯಾಲಯಕ್ಕಾಗಿ ಇನ್ನೂ ಮೂರು ದಶಕ ಕಾಯಬೇಕಾಯಿತು. ಆದರೆ ಕರ್ನಾಟಕ ವಿದ್ಯಾವರ್ಧಕ ಸಂಘ ಅಲ್ಲಿ ಹುಟ್ಟಿದ್ದು 1890ರ ಜುಲೈ 20ರಂದು. ಮೊದಲು ವಿಶ್ವವಿದ್ಯಾಲಯ, ಆಮೇಲೆ ಅದರ ನೆರಳಿನಲ್ಲಿ ವಿದ್ವಾಂಸರ ಸಂಘ ಎಂಬುದು ನಮ್ಮ ಮನಸ್ಸಿನಲ್ಲಿರುವ ಕ್ರಮ. ಧಾರವಾಡದಲ್ಲಿ ನಡೆದದ್ದು ಇದರ ತಿರುವುಮುರುವು. ಇತಿಹಾಸ ಪಾಠ ಮಾಡುವ ನನಗೆ ಈ ಸಂಗತಿ ಬಹಳ ದಿನಗಳಿಂದ ಕಾಡುತ್ತಿದೆ.

ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಪರಿಸ್ಥಿತಿಯನ್ನು ನೆನೆಯಬೇಕು. ಕಚೇರಿಯಲ್ಲಿ, ಶಾಲೆಯಲ್ಲಿ, ಓದಿದವರ ಮಾತಿನಲ್ಲಿ ಮರಾಠಿಯದೇ ದರ್ಬಾರು. ಹೆಚ್ಚಿನ ಓದಿಗೆ ಪುಣೆಗೋ ಮುಂಬಯಿಗೋ ಹೋಗಬೇಕು. ಮೈಸೂರು ಸಂಸ್ಥಾನದಲ್ಲಾದರೆ ಅರಮನೆ ಇತ್ತು, ದಿವಾನರಿದ್ದರು, ಬಿ.ಎಲ್. ರೈಸ್ ಸರ್ಕಾರದ ಖರ್ಚಿನಲ್ಲಿ ಶಾಸನ ಸಂಪುಟಗಳನ್ನು ಹೊರತರುತ್ತಿದ್ದರು. ಉತ್ತರದ ಈ ಜಿಲ್ಲೆಗಳ ಶಾಸನಗಳನ್ನು ಓದಿದ ಜೆ.ಎಫ್. ಫ್ಲೀಟ್ ದೊಡ್ಡ ವಿದ್ವಾಂಸರು, ಸಂದೇಹವಿಲ್ಲ. ಆದರೆ ಅವರು ಬರೆದದ್ದು ಇಂಗ್ಲಿಷಿನಲ್ಲಿ. ಚಾಲುಕ್ಯರು, ರಾಷ್ಟ್ರಕೂಟರು ತಮ್ಮ ಊರಿನ ಸುತ್ತಲೇ ಆಳಿದವರು ಎಂಬುದು ಇಲ್ಲಿನ ಶಾಲೆಯ ಹುಡುಗನಿಗೆ ತಿಳಿಯುವ ದಾರಿಯೇ ಇರಲಿಲ್ಲ. ರಾ.ಹ. ದೇಶಪಾಂಡೆಯವರು ಗೆಳೆಯರನ್ನು ಕೂಡಿಸಿ ಸಂಘ ಕಟ್ಟಿದ್ದು ಈ ಕೊರತೆಯನ್ನು ತುಂಬಲಿಕ್ಕೆ. ಪುಸ್ತಕ ಬರೆಯಿಸುವುದು, ಬರೆದವರಿಗೆ ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು, ‘ವಾಗ್ಭೂಷಣ’ದಂಥ ಪತ್ರಿಕೆ ನಡೆಸುವುದು ಅದರ ಕೆಲಸವಾಯಿತು.

ಆಲೂರು ವೆಂಕಟರಾಯರು ಬೆಳೆದದ್ದು ಈ ಸಂಘದ ಅಂಗಳದಲ್ಲೇ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕಾನೂನು ಮುಗಿಸಿ, ವಕೀಲಿ ಹಿಡಿದಿದ್ದವರು 1905ರಲ್ಲಿ ಆನೆಗೊಂದಿ, ಹಂಪಿಗಳನ್ನು ನೋಡಿಬಂದ ಮೇಲೆ ಬೇರೆಯೇ ಮನುಷ್ಯರಾದರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಆಮೇಲೆ ಮಾಡಿದ ಬೇಸರದ ಕೆಲಸ. ‘ವಾಗ್ಭೂಷಣ’ದ ಸಂಪಾದಕತ್ವ, 1907ರಲ್ಲಿ ಗ್ರಂಥಕರ್ತರ ಸಮ್ಮೇಳನ, 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲ. ಪತ್ರ ಬರೆಯುವುದು, ವರ್ಗಣಿ ಎತ್ತುವುದು, ಊರೂರು ಅಲೆಯುವುದು. ರಾಜವಾಡೆಯವರು 1910ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳದ ಮಾದರಿ ಕಣ್ಣೆದುರಿಗೇ ಇತ್ತು. 1917ರಲ್ಲಿ ಬಂದ ‘ಕರ್ನಾಟಕ ಗತವೈಭವ’ವನ್ನು ಒಬ್ಬರ ಆವೇಶದ ಫಲ ಎಂದು ಓದುವವರು ಅದರ ಹಿಂದಿನ ಈ ಹತ್ತು ವರ್ಷಗಳ ಸಂಘದ ಕೆಲಸವನ್ನು ಮರೆಯುತ್ತಾರೆ.

ಈ ಪೀಳಿಗೆಯ ವಿದ್ವಾಂಸರ ಹೊಟ್ಟೆಪಾಡನ್ನು ಸ್ವಲ್ಪ ನೋಡಿ. ಆಲೂರರು ವಕೀಲರು. ವಿಜಾಪುರದಲ್ಲಿ ವಚನಗಳ ತಾಳೆಗರಿಗಳನ್ನು ಹುಡುಕಿ ಹುಡುಕಿ ಕೂಡಿಸಿದ ಫ.ಗು. ಹಳಕಟ್ಟಿಯವರೂ ವಕೀಲರು. (ಇಬ್ಬರೂ ಹುಟ್ಟಿದ್ದು 1880ರ ಜುಲೈನಲ್ಲಿ, ತೀರಿಕೊಂಡದ್ದು 1964ರಲ್ಲಿ. ಕಾಕತಾಳೀಯವೇ, ಆದರೂ ಹೇಳದೆ ಇರಲಾರೆ.) ಶಂಬಾ ಜೋಶಿಯವರು ಶಾಲಾ ಮಾಸ್ತರರು. ವಿಶ್ವವಿದ್ಯಾಲಯದ ಕುರ್ಚಿ ಇವರಲ್ಲಿ ಯಾರಿಗೂ ಇರಲಿಲ್ಲ. ಹಾಗಿದ್ದರೆ ಇವರು ಬರೆದದ್ದನ್ನು ತೂಗಿ ನೋಡುವವರು ಯಾರು? ಇದು ಸರಿಯಿಲ್ಲ, ಇನ್ನೊಂದು ಪ್ರತಿ ನೋಡಿ ಎಂದು ಹೇಳುವವರು ಯಾರು? ಅಂಥ ಓದುಗರು ಸಿಗುತ್ತಿದ್ದದ್ದು ಸಂಘ, ಸಮ್ಮೇಳನ, ಪತ್ರಿಕೆಗಳ ಬಳಗದಲ್ಲಿ.

ಇತಿಹಾಸದಲ್ಲಿ ಈ ಕೂಟ ಏಕೆ ಬೇಕು ಎಂಬುದಕ್ಕೆ ನಾನೇ ಕಂಡ ಒಂದು ಸಂಗತಿ ಹೇಳುತ್ತೇನೆ. ಒಂದು ಪ್ರಾದೇಶಿಕ ಇತಿಹಾಸ ಸಂಘಕ್ಕೆ ನಾನು ಸದಸ್ಯ. ಅದರ ವಾರ್ಷಿಕ ಸಮ್ಮೇಳನದಲ್ಲಿ ಹಳ್ಳಿಯ ಶಾಲೆಯ ಶಿಕ್ಷಕರೊಬ್ಬರು ತಮ್ಮೂರಿನ ವೀರಗಲ್ಲಿನ ಮೇಲೆ ಪ್ರಬಂಧ ಓದಿದರು. ಕಲ್ಲಿನ ಬರಹವನ್ನು ಓದಿ, ಶಕವರ್ಷಕ್ಕೆ 78 ಕೂಡಿಸಿ ಇಸವಿ ಹೇಳಿದರು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರು ಎದ್ದು, “ಮಾಸ್ತರೇ, ನೀವು ಹೇಳಿದ ಸಂವತ್ಸರ ಆ ಶಕವರ್ಷಕ್ಕೆ ಬರೋದಿಲ್ಲ. ಒಂದು ಅಂಕಿ ಸವೆದಿರಬೇಕು, ಅಚ್ಚು ತಂದಿದ್ದೀರಾ?” ಎಂದರು. ಅಚ್ಚು ತಂದಿದ್ದರು. ಊಟದ ಬಿಡುವಿನಲ್ಲಿ ನಾಲ್ಕೈದು ಜನ ಅದನ್ನು ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರವಾಗಿ ನೋಡಿದರು. ಹಳಗನ್ನಡ ಲಿಪಿಯಲ್ಲಿ ‘ಮ’ಕಾರ, ‘ವ’ಕಾರಗಳು ಒಂದರಂತೆ ಇನ್ನೊಂದು ಕಾಣುತ್ತವೆ. ವೀರನ ಹೆಸರೂ ಬದಲಾಯಿತು, ಇಸವಿಯೂ ಬದಲಾಯಿತು. ಶಿಕ್ಷಕರಿಗೆ ಒಂಚೂರೂ ಬೇಸರವಿರಲಿಲ್ಲ. ತಮ್ಮ ಕಲ್ಲನ್ನು ಇಷ್ಟು ಜನ ಬಗ್ಗಿ ನೋಡಿದರಲ್ಲ ಎಂಬ ಖುಷಿ ಮುಖದಲ್ಲಿ ಕಾಣುತ್ತಿತ್ತು. ಮೊಬೈಲಿನಲ್ಲಿ ಸಾವಿರ ಪುಸ್ತಕ ಇಟ್ಟುಕೊಂಡು ಒಬ್ಬರೇ ಓದುವವರಿಗೆ ಆ ಮೇಜು ಸಿಗುವುದಿಲ್ಲ.

ಸಂಘಗಳಿಗೆ ಇನ್ನೊಂದು ಶಕ್ತಿಯಿದೆ. ಒಬ್ಬರಿಂದಾಗದ ದೊಡ್ಡ ಕೆಲಸವನ್ನು ಅವು ಹೊರುತ್ತವೆ. ವಿಜಯನಗರ ಸ್ಥಾಪನೆಗೆ ಆರುನೂರು ವರ್ಷ ತುಂಬಿದ 1936ರಲ್ಲಿ ಧಾರವಾಡದಿಂದ ಇಂಗ್ಲಿಷಿನಲ್ಲಿ ಒಂದು ಸ್ಮರಣ ಸಂಪುಟ ಬಂತು. ಅದನ್ನು ಹೊರತಂದದ್ದು ಅದಕ್ಕೆಂದೇ ಕಟ್ಟಿಕೊಂಡ ಸಂಘ. ಆಗ ಸಂಗಮರ ಮೂಲದ ಬಗ್ಗೆ ಕಾವೇರಿದ ವಾದ ನಡೆದಿತ್ತು. ಮುಂಬಯಿಯ ಫಾದರ್ ಹೆರಾಸ್ ಹೊಯ್ಸಳರ ಕಡೆ ಬೆರಳು ತೋರಿಸಿದರೆ, ಎನ್. ವೆಂಕಟರಮಣಯ್ಯನವರು ತೆಲುಗು ನಾಡಿನ ಕಡೆ. ಇಂಥ ಹೊತ್ತಿನಲ್ಲಿ ಧಾರವಾಡದವರು ತಮ್ಮ ಅಭಿಮಾನವನ್ನಷ್ಟೇ ಅಚ್ಚು ಹಾಕಿಸಿಕೊಂಡು ಕೂರಬಹುದಿತ್ತು. ಹಾಗೆ ಮಾಡದೆ ಕನ್ನಡ ನಾಡಿನ ಹೊರಗಿನ ವಿದ್ವಾಂಸರಿಂದಲೂ ಬರೆಯಿಸಿದರು. ಮೂರು ವರ್ಷಕ್ಕೆ, 1939ರಲ್ಲಿ, ಮುಂಬಯಿ ಸರ್ಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆಯಿತು, ಆರ್.ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರಾದರು. ಸರ್ಕಾರಕ್ಕೆ ತಾನಾಗಿ ಜ್ಞಾನೋದಯವಾಯಿತು ಎಂದು ನಾನು ನಂಬುವುದಿಲ್ಲ.

ಹಾಗೆಂದು ಆ ಸಂಘಗಳ ಬಾಗಿಲು ಎಲ್ಲರಿಗೂ ತೆರೆದಿತ್ತು ಎನ್ನಲಾಗದು. ಆರಂಭದ ಹೆಸರುಗಳನ್ನು ಓದಿದರೆ ಬಹುಪಾಲು ಒಂದೇ ಜಾತಿಯ, ಇಂಗ್ಲಿಷ್ ಕಲಿತ ಗಂಡಸರು. ಲಿಂಗಾಯತರು ತಮ್ಮವೇ ಸಂಸ್ಥೆಗಳನ್ನು ಕಟ್ಟಿಕೊಂಡರು. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಆರಂಭಿಸಿದ್ದು ಇದೇ ಕಾಲದಲ್ಲಿ. ಹೆಣ್ಣುಮಕ್ಕಳಂತೂ ದೂರವೇ ಉಳಿದರು. ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದರೂ ಅದರ ಸಮ್ಮೇಳನಕ್ಕೆ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆಯವರು, ಅಧ್ಯಕ್ಷರಾಗಲು 1974ರ ಮಂಡ್ಯದ ತನಕ ಕಾಯಬೇಕಾಯಿತು. ‘ಗತವೈಭವ’ ಎಂಬ ಮಾತಿನಲ್ಲಿ ಯಾರ ವೈಭವ ಎಂಬ ಪ್ರಶ್ನೆ ತಡವಾಗಿ ಬಂದದ್ದಕ್ಕೂ, ಕೂಟದಲ್ಲಿ ಯಾರು ಕೂತಿದ್ದರು ಎಂಬುದಕ್ಕೂ ಸಂಬಂಧವಿದೆ ಎಂದೇ ನನ್ನ ಅನಿಸಿಕೆ. ಕೂತವರು ಬದಲಾದಾಗ ಕೇಳುವ ಪ್ರಶ್ನೆಗಳೂ ಬದಲಾಗುತ್ತವೆ. ಈಗಿನ ಸಮ್ಮೇಳನಗಳಲ್ಲಿ ಕೆರೆ, ಸಂತೆ, ಮಾಸ್ತಿಗಲ್ಲು, ಊರಮ್ಮನ ಜಾತ್ರೆಗಳ ಮೇಲೆ ಬರುವ ಪ್ರಬಂಧಗಳನ್ನು ಕೇಳುವಾಗ ಇದು ಗೊತ್ತಾಗುತ್ತದೆ.

ಇಂದಿನ ಕಷ್ಟ ಬೇರೆ ಥರದ್ದು. ಬಡ್ತಿಯ ಅಂಕ ತರದ ಪತ್ರಿಕೆಗೆ ಬರೆಯಲು ಎಳೆಯ ಅಧ್ಯಾಪಕರು ಹಿಂಜರಿಯುತ್ತಾರೆ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಪ್ರಾದೇಶಿಕ ಸಂಘದ ಕನ್ನಡ ಪತ್ರಿಕೆಗೆ ಅಂಥ ಅಂಕ ದಕ್ಕುವುದು ಕಷ್ಟ. ಆದರೆ ವೀರಗಲ್ಲಿನ ಊರಿನವರು ಓದುವುದು ಅದನ್ನೇ. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಊರಿನ ಕೆರೆಯ ತೂಬಿನ ಬಳಿ ಅರ್ಧ ಹೂತುಹೋಗಿರುವ ಕಲ್ಲಿನ ಫೋಟೋ ತಂದು ತೋರಿಸಿದಳು. ಆರು ಸಾಲು ಕಾಣುತ್ತವೆ, ಎರಡು ಮಣ್ಣಿನಲ್ಲಿವೆ. ಸದಸ್ಯತ್ವದ ಅರ್ಜಿ ಕೊಟ್ಟು, ಮಣ್ಣು ಬಿಡಿಸಿ ಅಚ್ಚು ತೆಗೆದುಕೊಂಡು ಈ ಸಲದ ಸಮ್ಮೇಳನಕ್ಕೆ ಬಾ ಎಂದಿದ್ದೇನೆ.