ಹೆಸರೇ ಪ್ರಶ್ನೆಯಾದಾಗ



ಕಿರುತೆರೆಯ ಮಾತುಕತೆಯಲ್ಲಿ ಸಮಯ ಸಾಲದೆ ಉಳಿದುಹೋಗುವ ವಿಷಯಗಳಿರುತ್ತವೆ. ದಾಖಲೆಗಳನ್ನು ಹುಡುಕುವ ವಿದ್ಯೆಯ ಇತಿಹಾಸ ಅಂತಹದೊಂದು ವಿಷಯ.

ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಒಂದು ಶಾಸನವಿದೆ ಎಂದುಕೊಳ್ಳಿ. ಅದರಲ್ಲಿ ಏನು ಬರೆದಿದೆಯೆಂದು ತಿಳಿಯುವುದು ಹೇಗೆ? ನೀವು ಚಿತ್ರದುರ್ಗದ ಸೀಮೆಯವರಾದರೆ, 20ನೆಯ ಶತಮಾನದ ಆರಂಭದಲ್ಲಿ ಬಿ.ಎಲ್. ರೈಸ್ ಅವರು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟವನ್ನು ತೆರೆಯಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ತಾಲ್ಲೂಕುವಾರು ಶಾಸನಗಳನ್ನು ವಿಂಗಡಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟಿದ್ದಾರೆ. ‘ಹಿರಿಯೂರು’ ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಹಾಕಿದರೆ, ಯಾವ ಶಾಸನವೆಂದು ವಿದ್ವಾಂಸರಿಗೆ ಇಂದಿಗೂ ತಿಳಿಯುತ್ತದೆ. ಹೆಸರೇ ವಿಳಾಸ! ಇದಲ್ಲದೆ ಕಾಲಾನುಕ್ರಮದ ಪಟ್ಟಿಯೂ ಸಂಪುಟದಲ್ಲಿದೆ. ಹೀಗೆ ಹುಡುಕುವವನಿಗೆ ಸ್ಥಳದ್ದೊಂದು, ಕಾಲದ್ದೊಂದು, ಎರಡು ದಾರಿಗಳು ತೆರೆದಿವೆ.

ಈಗ ಗಣಕಯಂತ್ರದ ಕಡೆಗೆ ಬರೋಣ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು, ಮಾಹಿತಿಯನ್ನೆಲ್ಲ ಅಡ್ಡಸಾಲು ಮತ್ತು ಕಂಬಸಾಲುಗಳ ಕೋಷ್ಟಕಗಳಲ್ಲಿ ಇಡಬಹುದೆಂದು ತೋರಿಸಿದರು. ಅಂತಹ ಕೋಷ್ಟಕಗಳನ್ನು ಪ್ರಶ್ನಿಸಲು ಅದೇ ಸಂಸ್ಥೆಯಲ್ಲಿ 1974ರ ಹೊತ್ತಿಗೆ ರೂಪುಗೊಂಡ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಆದರೆ ಕಾರ್ಯಕ್ರಮ ಬರೆಯುವವರು ಬೇರೊಂದು ಭಾಷೆಯಲ್ಲಿ ಬರೆಯುತ್ತಿದ್ದರು. ಕೋಷ್ಟಕದ ಮುಂದೆ ಬಂದಾಗಲೆಲ್ಲ ಭಾಷೆ ಬದಲಿಸಬೇಕಿತ್ತು. ಇವೆರಡರ ನಡುವೆ ದುಭಾಷಿಯಾಗಿ ಬಂದವು ಕೆಲವು ತಂತ್ರಾಂಶಗಳು. 2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನೆಮಯರ್ ಹ್ಯಾನ್ಸನ್ ಬಿಡುಗಡೆ ಮಾಡಿದ ‘ರೈಲ್ಸ್’ನಲ್ಲಿದ್ದ ‘ಆಕ್ಟಿವ್ ರೆಕಾರ್ಡ್’ ಇಂತಹ ಒಂದು ದುಭಾಷಿ.

ಇದರ ಒಂದು ಚಮತ್ಕಾರವನ್ನು ಕೇಳಿ. ಶಾಸನಗಳ ಕೋಷ್ಟಕದಲ್ಲಿ ‘ತಾಲ್ಲೂಕು’, ‘ಸಂಖ್ಯೆ’ ಎಂಬ ಎರಡು ಕಂಬಸಾಲುಗಳಿವೆ ಎನ್ನಿ. ‘ಫೈಂಡ್ ಬೈ ತಾಲ್ಲೂಕು ಆಂಡ್ ಸಂಖ್ಯೆ’ ಎಂದು ಬರೆದು, ಜೊತೆಗೆ ‘ಹೊಸದುರ್ಗ’ ಮತ್ತು ಒಂದು ಅಂಕಿ ಕೊಟ್ಟರೆ ಶಾಸನ ಸಿಕ್ಕಿಬಿಡುತ್ತದೆ. ಆ ಹೆಸರಿನ ಆಜ್ಞೆಯನ್ನು ಮೊದಲೇ ಯಾರೂ ಬರೆದಿಟ್ಟಿರುವುದಿಲ್ಲ! ರೂಬಿ ಭಾಷೆಯಲ್ಲಿ, ಇಲ್ಲದ ಆಜ್ಞೆಯನ್ನು ಯಾರಾದರೂ ಕೊಟ್ಟರೆ ಅದನ್ನು ಹಿಡಿದು ವಿಚಾರಿಸುವ ಏರ್ಪಾಡಿದೆ. ತಂತ್ರಾಂಶವು ಆ ಹೆಸರನ್ನೇ ಪದಪದವಾಗಿ ಬಿಡಿಸಿ ಓದಿ, ಎಸ್‌ಕ್ಯೂಎಲ್ ಪ್ರಶ್ನೆಯನ್ನು ಆ ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ. ಇದಕ್ಕೆ ‘ಡೈನಾಮಿಕ್ ಫೈಂಡರ್’ ಎಂದು ಹೆಸರು. ಮುಂದೆ ಹೆಸರುಗಳು ಉದ್ದವಾಗುತ್ತ ಬಂದವು. 2013ರ 4ನೆಯ ಆವೃತ್ತಿಯ ಹೊತ್ತಿಗೆ ಇದರ ಹಲವು ರೂಪಗಳನ್ನು ಬಳಕೆಯಿಂದ ಹಿಂದೆಗೆದುಕೊಂಡರು. ಒಂದು ದಾಖಲೆಯನ್ನು ತರುವ ಸರಳ ರೂಪ ಮಾತ್ರ ಉಳಿಯಿತು.

ಇದರಿಂದ ನಮಗೇನು ಎಂದು ಕೇಳುತ್ತೀರಾ? ಒಂದು ಮಾತನ್ನು ಗಮನಿಸಿ. ಈ ಚಮತ್ಕಾರ ನಡೆಯುವುದು ಕೋಷ್ಟಕದಲ್ಲಿ ಇರುವ ಕಂಬಸಾಲುಗಳ ಮಟ್ಟಿಗೆ ಮಾತ್ರ. ‘ಕೆರೆ ಕಟ್ಟಿಸಿದ ಹೆಂಗಸರು’ ಎಂಬ ಕಂಬಸಾಲೇ ಇಲ್ಲದಿದ್ದರೆ, ಎಂತಹ ಯಂತ್ರವೂ ಅವರನ್ನು ಹುಡುಕಿ ಕೊಡಲಾರದು. ಶಾಸನದ ಕಲ್ಲಿನಲ್ಲಿ ಅವರ ಹೆಸರಿದ್ದರೂ, ನಮ್ಮ ಪಾಲಿಗೆ ಅವರು ಇಲ್ಲದಂತೆಯೇ. ಆಗ ಒಂದೊಂದೇ ಶಾಸನವನ್ನು ಕೂತು ಓದುವುದೊಂದೇ ದಾರಿ.

ಇದು ಬದುಕಿನ ಪ್ರಶ್ನೆಯೂ ಹೌದು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯಲ್ಲಿ, 2000ದ ಆಸುಪಾಸಿನ ವರ್ಷಗಳಲ್ಲಿ, ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹೇಳಿದರೆ ಹೊಳಲ್ಕೆರೆಯ ರೈತನಿಗೆ ತನ್ನ ಪಹಣಿ ಸಿಗುತ್ತದೆ. ಆದರೆ ಬಾಯಿಮಾತಿನ ಮೇಲೆ ಗೇಣಿಗೆ ಉಳುವವನ ಹೆಸರು ಪಹಣಿಯಲ್ಲಿ ದಾಖಲಾಗದಿದ್ದರೆ, ಹುಡುಕಿದರೆ ಸಿಗುವುದೆಲ್ಲಿಂದ?

ಆದ್ದರಿಂದ ಮಿತ್ರರೇ, ಈ ರಜೆಯಲ್ಲಿ ನಿಮ್ಮ ಊರಿನ ಶಾಸನ, ವೀರಗಲ್ಲು, ಕೆರೆಗಳ ಒಂದು ಪಟ್ಟಿ ಮಾಡಿ. ಮೊದಲು ಕಂಬಸಾಲುಗಳ ತಲೆಬರಹಗಳನ್ನು ಬರೆಯುತ್ತೀರಲ್ಲ, ಆಗ ಸ್ವಲ್ಪ ನಿಂತು ಯೋಚಿಸಿ. ಮುಂದಿನವರು ಯಾವ ಪ್ರಶ್ನೆ ಕೇಳಬಲ್ಲರು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.