ಬೋಟಿನ ಕಿವಿ ಎಲ್ಲಿರಬೇಕು?

ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಒಮ್ಮೆ ಮಲ್ಪೆಗೆ ಹೋಗಿದ್ದೆ. ದಡಕ್ಕೆಳೆದ ಮರದ ಬೋಟೊಂದರ ಅಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಡಗಿಯೊಡನೆ ವಾದಕ್ಕೆ ನಿಂತಿದ್ದ. ಮೀನು ತೋರಿಸುವ ಯಂತ್ರದ ಟ್ರಾನ್ಸ್‌ಡ್ಯೂಸರಿಗೆ ತೂತು ಎಲ್ಲಿ ಕೊರೆಯಬೇಕೆಂಬುದೇ ವಾದದ ವಿಷಯ. "ಹೋದ ವರ್ಷ ಹಿಂದುಗಡೆ ಕೂರಿಸಿ ಕೆಟ್ಟೆವು ಸರ್. ಬೋಟು ನಿಂತರೆ ಮೀನು ಕಾಣುತ್ತದೆ, ಓಡಿದರೆ ಬರೀ ಗೀಚು" ಎಂದ. ಒಂದು ಋತುವಿನ ಡೀಸೆಲ್ಲೂ ಕೆಲವು ಮನೆಗಳ ಪಾಲೂ ಆ ತೂತನ್ನು ನಂಬಿಕೊಂಡಿದ್ದವು. ಸಾಹಿತ್ಯ ಪಾಠ ಹೇಳುವವನಿಗೂ ಇದರ ಚರಿತ್ರೆ ತಿಳಿಯುವ ಕುತೂಹಲ ಹುಟ್ಟಿತು.

ಸಮಸ್ಯೆ ಹಳೆಯದು. ಸುಮಾರು 1490ರಲ್ಲಿಯೇ ಇಟಲಿಯ ಲಿಯೊನಾರ್ಡೊ ದ ವಿಂಚಿ, ನೀರಿನಲ್ಲಿ ಉದ್ದನೆಯ ಕೊಳವೆಯ ತುದಿಯನ್ನಿಳಿಸಿ ಇನ್ನೊಂದು ತುದಿಗೆ ಕಿವಿಗೊಟ್ಟರೆ ದೂರದ ಹಡಗುಗಳ ಸದ್ದು ಕೇಳುತ್ತದೆಂದು ಬರೆದಿಟ್ಟಿದ್ದ. ಆದರೆ ಮೊದಲು ನಿಮ್ಮ ಹಡಗನ್ನು ನಿಲ್ಲಿಸಬೇಕು ಎಂಬ ಷರತ್ತನ್ನೂ ಹಾಕಿದ್ದ. ಮುಂದಿನ ಚರಿತ್ರೆಯೆಲ್ಲ, ನಿಲ್ಲಿಸದೆ ಕೇಳುವುದು ಹೇಗೆ ಎಂಬುದರ ಚರಿತ್ರೆಯೆಂದರೂ ಸಲ್ಲುತ್ತದೆ.

1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ನೀರಿನಲ್ಲಿ ಪ್ರತಿಧ್ವನಿಯನ್ನು ಹಿಡಿಯುವ ಪ್ರಯತ್ನಗಳು ಚುರುಕಾದವು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರು ಓಡುತ್ತದೆ. ಮರಳಿ ಬಂದ ಕಾಲದಿಂದ ಆಳವನ್ನು ಲೆಕ್ಕ ಹಾಕಬಹುದು. 1935ರಲ್ಲಿ ನಾರ್ವೆಯ ವಿಜ್ಞಾನಿ ಆಸ್ಕರ್ ಸುಂಡ್, ಲೊಫೋಟೆನ್ ದ್ವೀಪಗಳ ಬಳಿ ಕಾಡ್ ಮೀನಿನ ಗುಂಪುಗಳು ಕಾಗದದ ಮೇಲೆ ಮೂಡಿದ್ದನ್ನು ಪ್ರಕಟಿಸಿದ. 1948ರಲ್ಲಿ ಜಪಾನಿನ ನಾಗಸಾಕಿ ಪ್ರಾಂತದ ಫುರುನೊ ಸಹೋದರರು ಈ ವಿದ್ಯೆಯನ್ನು ಮೀನುಗಾರರು ಕೊಳ್ಳುವ ಯಂತ್ರವನ್ನಾಗಿ ಮಾಡಿದರು.

ಇಲ್ಲೊಂದು ವಿಚಿತ್ರವುಂಟು. ಕಾಡ್ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೇ ಶಬ್ದವನ್ನು ಹೆಚ್ಚಾಗಿ ಹಿಂದಿರುಗಿಸುವುದು. ಮೀನನ್ನು ತೋರಿಸಿಕೊಡುವ ಅದೇ ಗಾಳಿ ಬೋಟಿನ ತಳದಲ್ಲಿ ಗುಳ್ಳೆಯಾದರೆ ಮೀನನ್ನು ಮರೆಮಾಡುತ್ತದೆ. ಮೂತಿಯಲ್ಲಿಟ್ಟರೆ ಅಲೆಗೆ ಮೇಲೆದ್ದು ಬಡಿಯುತ್ತದೆ, ಗುಳ್ಳೆಯೆಲ್ಲ ಅಲ್ಲಿಂದಲೇ ಹೊರಡುತ್ತದೆ. ಹಿಂದೆ ಇಟ್ಟರೆ ಆ ಗುಳ್ಳೆಗಳ ಜೊತೆಗೆ ಪ್ರೊಪೆಲ್ಲರಿನ ಗದ್ದಲ. ಆದ್ದರಿಂದ ಸಾಮಾನ್ಯವಾಗಿ ಮೂತಿಯಿಂದ ಉದ್ದದ ಮೂರನೆಯ ಒಂದು ಭಾಗಕ್ಕೂ ಅರ್ಧಕ್ಕೂ ನಡುವೆ, ತಳದ ನಡುತೊಲೆಯ ಬದಿಯಲ್ಲಿ, ಎಂದೂ ನೀರಿನಿಂದೇಳದ ಜಾಗವನ್ನು ಆರಿಸುತ್ತಾರೆ. ಮುಂದುಗಡೆ ನೀರು ಬಿಡುವ ಕೊಳವೆಯಾಗಲಿ ಉಬ್ಬಾಗಲಿ ಇರಕೂಡದು. ತಳ ಓರೆಯಾಗಿದ್ದರೆ ನೇರ ಕೆಳಗೆ ನೋಡುವಂತೆ ಮರದ ದಿಂಡು ಕೊಡಬೇಕು. ಮರ ಶಬ್ದವನ್ನು ಸರಿಯಾಗಿ ಬಿಡುವುದಿಲ್ಲವಾದ್ದರಿಂದ ಮರದ ಬೋಟಿಗೆ ತೂತು ತಪ್ಪಿದ್ದಲ್ಲ.

ಹಣವಿದ್ದವರೂ ಈ ನಿಯಮಕ್ಕೆ ಹೊರತಲ್ಲ. 2003ರಲ್ಲಿ ನಾರ್ವೆ ನೀರಿಗಿಳಿಸಿದ 'ಜಿ. ಓ. ಸಾರ್ಸ್' ಎಂಬ ಸಂಶೋಧನಾ ನೌಕೆಯಲ್ಲಿ ಕೆಳಕ್ಕೆ ಇಳಿಯುವ ಅಲಗುಗಳುಂಟು. ಗುಳ್ಳೆಗಳ ಪದರವನ್ನು ದಾಟಿ ಅವುಗಳ ತುದಿಯಲ್ಲಿ ಕಿವಿಗಳು ಕೂತಿರುತ್ತವೆ. ಅದು ತನ್ನ ಗದ್ದಲವನ್ನು ಆದಷ್ಟು ಅಡಗಿಸಿಕೊಳ್ಳುವಂತೆ ಕಟ್ಟಿದ ಹಡಗು.

ಮಲ್ಪೆಯ ಹುಡುಗನಿಗೆ ಅಂಥ ಅಲಗು ಎಲ್ಲಿಂದ ಬರಬೇಕು? ಹಳೆಯ ಬಣ್ಣ ಎಲ್ಲೆಲ್ಲಿ ಸವೆದಿದೆ, ನೀರು ಯಾವ ದಾರಿ ಹರಿದಿದೆ ಎಂದು ಬೋಟಿನ ಮುದಿ ತಾಂಡೇಲ ಕೈಯಾಡಿಸಿ ನೋಡಿ, ನಡುವಿಗಿಂತ ತುಸು ಮುಂದೆ ಸೀಮೆಸುಣ್ಣದ ಗುರುತು ಹಾಕಿದ. ಬಡಗಿ ಎರಡು ಸಲ ಅಳೆದು, ಭೈರಿಗೆಯಿಟ್ಟ. ಆಗಸ್ಟಿನಲ್ಲಿ ಹುಡುಗನ ಫೋನು ಬಂತು: "ಈಗ ಓಡುವಾಗಲೂ ತಳ ಕಾಣುತ್ತದೆ ಸರ್."