ಮಾಯಾ ಡೆರೆನ್: ಕೆಳಗಿಟ್ಟ ಕ್ಯಾಮೆರಾ

ನೃತ್ಯವನ್ನು ಚಿತ್ರೀಕರಿಸುವುದೆಂದರೆ ರಂಗದ ಮುಂದೆ ಕ್ಯಾಮೆರಾ ನಿಲ್ಲಿಸಿ, ನಡೆದದ್ದನ್ನು ನಡೆದಂತೆ ಹಿಡಿದಿಡುವುದು ಎಂಬ ಭಾವನೆ ಬಹುಕಾಲ ಇತ್ತು. ನರ್ತಕ ಕುಣಿಯಬೇಕು, ಯಂತ್ರ ನೋಡಬೇಕು. ಯಂತ್ರವೂ ಏಕೆ ಕುಣಿಯಬಾರದು ಎಂದು ಕೇಳಿದವರಲ್ಲಿ ಮಾಯಾ ಡೆರೆನ್ ಮುಖ್ಯಳಾದವಳು.

ಆಕೆ ಹುಟ್ಟಿದ್ದು 1917ರಲ್ಲಿ, ಕೀವ್ ನಗರದ ಯಹೂದಿ ಕುಟುಂಬವೊಂದರಲ್ಲಿ. ತಂದೆ ಮನೋವೈದ್ಯ. 1922ರಲ್ಲಿ ಕುಟುಂಬ ಅಮೆರಿಕೆಗೆ ವಲಸೆ ಹೋಯಿತು. ಇಂಗ್ಲಿಷ್ ಸಾಹಿತ್ಯವನ್ನು ಓದಿ, ಕವಿತೆ ಬರೆಯುತ್ತಿದ್ದ ಈಕೆ 1941ರಲ್ಲಿ ನರ್ತಕಿ ಕ್ಯಾಥರೀನ್ ಡನ್‌ಹ್ಯಾಮ್‌ಳಿಗೆ ಕಾರ್ಯದರ್ಶಿಯಾಗಿ ಆಕೆಯ ತಂಡದೊಡನೆ ಸಂಚರಿಸಿದಳು. ಡನ್‌ಹ್ಯಾಮ್ ಬರಿಯ ನರ್ತಕಿಯಲ್ಲ. ಹೈಟಿ ದೇಶದ ಕುಣಿತಗಳನ್ನು ಅಲ್ಲಿಯೇ ನೆಲೆಸಿ ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞೆ. ಆ ಬೀಜ ಇಲ್ಲಿಯೇ ಬಿದ್ದಿತೆನ್ನಬೇಕು.

'ಮಾಯಾ' ಎಂಬ ಹೆಸರನ್ನು ಆಕೆ ಇಟ್ಟುಕೊಂಡದ್ದು 1943ರಲ್ಲಿ. ಹೆಸರು ನಮ್ಮ ಕಡೆಯದೆಂದು ಹಿಗ್ಗಬೇಕಾದ್ದಿಲ್ಲ. ಬೆಳಕು ನೆರಳುಗಳ ಕಸುಬಿನವಳಿಗೆ ಅದು ಒಪ್ಪಿತು, ಅಷ್ಟೆ. ಅದೇ ವರ್ಷ ಪತಿ ಅಲೆಕ್ಸಾಂಡರ್ ಹಮ್ಮಿದ್‌ನೊಡನೆ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ಎಂಬ ಮೂಕಚಿತ್ರವನ್ನು ತಮ್ಮ ಮನೆಯಲ್ಲಿಯೇ ತೆಗೆದು, ಅದರಲ್ಲಿ ತಾನೇ ನಟಿಸಿದಳು.

1945ರಲ್ಲಿ ನರ್ತಕ ಟ್ಯಾಲಿ ಬೀಟಿಯೊಡನೆ ಮಾಡಿದ, ಕೆಲವೇ ನಿಮಿಷಗಳ ಚಿತ್ರವೊಂದನ್ನು ನಾನು ಅದಕ್ಕಿಂತ ಮೇಲಿನದೆಂದು ಎಣಿಸುತ್ತೇನೆ. ಕಾಡಿನ ಮರಗಳ ನಡುವೆ ನರ್ತಕ ಕಾಲೆತ್ತುತ್ತಾನೆ. ಆ ಕಾಲು ಇಳಿಯುವುದು ಮನೆಯೊಂದರ ಕೋಣೆಯಲ್ಲಿ. ಅಲ್ಲಿಂದ ವಸ್ತುಸಂಗ್ರಹಾಲಯದ ವಿಶಾಲ ಅಂಗಳ. ಅಲ್ಲಿ ಆತ ಗಿರಕಿ ಹೊಡೆಯುವಾಗ ಚಿತ್ರದ ವೇಗವೇ ನಿಧಾನದಿಂದ ತೀವ್ರಕ್ಕೆ ಏರುತ್ತದೆ. ಕೊನೆಗೊಂದು ನೆಗೆತ. ಬೇರೆ ಬೇರೆ ತುಣುಕುಗಳನ್ನು ಜೋಡಿಸಿದ ಆ ನೆಗೆತ ಮನುಷ್ಯನ ದೇಹಕ್ಕೆ ಸಾಧ್ಯವಾಗದಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಇಂಥ ನೃತ್ಯವನ್ನು ಯಾವ ರಂಗದ ಮೇಲೂ ಆಡಿ ತೋರಿಸಲಾಗದು. ಬೀಟಿಯ ಹೆಸರನ್ನು ತನ್ನ ಹೆಸರಿನೊಡನೆ ಸಹಕರ್ತೃವೆಂದು ಆಕೆ ಸೇರಿಸಿದಳು.

ಇಂಥ ಚಿತ್ರಗಳನ್ನು ಕೊಳ್ಳುವ ವ್ಯಾಪಾರಿ ಎಲ್ಲಿ ಸಿಕ್ಕಬೇಕು? 1946ರಲ್ಲಿ ಆಕೆ ನ್ಯೂಯಾರ್ಕಿನ ಪ್ರಾವಿನ್ಸ್‌ಟೌನ್ ಪ್ಲೇಹೌಸನ್ನು ಬಾಡಿಗೆಗೆ ಹಿಡಿದು ತಾನೇ ಪ್ರದರ್ಶಿಸಿದಳು, ಜನ ಕಿಕ್ಕಿರಿದರು. ಅದೇ ವರ್ಷ ಗುಗೆನ್‌ಹೈಮ್ ವೇತನ ದೊರೆಯಿತು.

ಆ ಹಣದಿಂದ 1947ರಲ್ಲಿ ಹೈಟಿಗೆ ಹೋದಳು. ಅಲ್ಲಿಯ ವೋಡೂ ಆರಾಧನೆಯ ಕುಣಿತವನ್ನು ತನ್ನ ಕಲಾಕೃತಿಗೆ ಸಾಮಗ್ರಿಯಾಗಿಸಿಕೊಳ್ಳುವುದು ಉದ್ದೇಶ. ನಾವು ಮೈಮೇಲೆ ಬರುವುದು ಎನ್ನುವುದನ್ನು ಅಲ್ಲಿಯವರು ದೈವ ಸವಾರಿ ಮಾಡುವುದು ಎನ್ನುತ್ತಾರೆ, ಭಕ್ತ ಕುದುರೆ. ನೋಡುತ್ತ ಹೋದಂತೆ ಆಕೆಗೆ ತೊಡಕು ಎದುರಾಯಿತು. ಬೀಟಿಯ ನೆಗೆತವನ್ನು ಕತ್ತರಿಸಿ ಜೋಡಿಸಲು ಆತನ ಒಪ್ಪಿಗೆ ಇತ್ತು. ದೈವದ ಎದುರು ಕುಣಿಯುವವನ ಹೆಜ್ಜೆಗೆ ಅದರದೇ ಆದ ಪೂರ್ಣಾರ್ಥವಿದೆ. ಅದನ್ನು ತುಂಡರಿಸಿ ತನ್ನ ಅರ್ಥ ತುಂಬುವುದು ಹೇಗೆ? ಯೋಚಿಸಿದ್ದ ಚಿತ್ರವನ್ನು ಆಕೆ ಮುಗಿಸಲಿಲ್ಲ. ಬದಲಾಗಿ 'ಡಿವೈನ್ ಹಾರ್ಸ್‌ಮನ್' ಎಂಬ ಪುಸ್ತಕ ಬರೆದಳು; 1953ರಲ್ಲಿ ಅದು ಪ್ರಕಟವಾಯಿತು. ಇದನ್ನು ಕಲಾವಿದೆಯ ಸೋಲೆಂದವರಿದ್ದರೆ ಅವರ ಮಾತನ್ನು ನಾನು ಒಪ್ಪಲಾರೆ.

1961ರಲ್ಲಿ, 44ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಹೈಟಿಯ ಸುರುಳಿಗಳು ಹಾಗೆಯೇ ಉಳಿದಿದ್ದವು. ಆಕೆಯ ಮೂರನೆಯ ಪತಿ, ಸಂಗೀತಗಾರ ಟೇಜಿ ಇಟೋ ಹಾಗೂ ಆತನ ಮುಂದಿನ ಪತ್ನಿ ಶೆರೆಲ್ ಇಟೋ ಅವನ್ನು ಬಹಳ ವರ್ಷಗಳ ಬಳಿಕ ಜೋಡಿಸಿ, ಪುಸ್ತಕದ ಹೆಸರಿನಲ್ಲಿಯೇ ಚಿತ್ರವಾಗಿಸಿದರು. ಅದರಲ್ಲಿ ಕೇಳಿಬರುವ ವಿವರಣೆ ಆಕೆಯ ಪುಸ್ತಕದಿಂದ ಬಂದದ್ದು, ಜೋಡಣೆ ಆಕೆಯದಲ್ಲ.